ಪಹಣಿ ಅಣ್ಣನ ಹೆಸರಿಗೆ ಬಂದರೆ ಜಮೀನು ಅಣ್ಣನದಾಗುವುದಿಲ್ಲ

"ಪಹಣಿ ನನ್ನ ಹೆಸರಿಗೇ ಬರ್ತಿದೆ ಸಾರ್. ಕಂದಾಯ ನಾನೇ ಕಟ್ತಿದ್ದೀನಿ. ಇನ್ನು ಅಕ್ಕ-ತಂಗೀರ ಸೈನ್ ಯಾಕೆ?"

ಸಿವಿಲ್ ವಕೀಲನಾಗಿ ನಾನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಈ ಸಲ ಕೇಳಿದವರು ಮಗಳ ಮದುವೆಗೆ ಅರ್ಧ ಎಕರೆ ಮಾರಲು ಹೊರಟಿದ್ದ ರೈತರು. ಮುಂಗಡ ತೆಗೆದುಕೊಂಡು, ಛತ್ರವನ್ನೂ ಗೊತ್ತು ಮಾಡಿದ್ದರು. ಕೊಳ್ಳುವವರ ವಕೀಲರು ವಂಶವೃಕ್ಷ ನೋಡಿದರು. ತಾಯಿ, ಇವರು, ಇವರ ಮೂವರು ತಂಗಿಯರು. "ಎಲ್ಲರೂ ಬಂದು ಸಹಿ ಹಾಕಲಿ" ಎಂದು ವ್ಯವಹಾರ ನಿಲ್ಲಿಸಿದರು. ಅವರು ಮಾಡಿದ್ದು ಸರಿಯಾಗಿಯೇ ಇದೆ.

ದಯವಿಟ್ಟು ಇದೊಂದನ್ನು ಮನಸ್ಸಿಟ್ಟು ಓದಿ. ಪೌತಿ ಖಾತೆ ಮಾಡಿಸುವುದು ಎಂದರೆ ಪಹಣಿಯಲ್ಲಿ, ಅಂದರೆ ಸರ್ಕಾರದ ಜಮೀನು ದಾಖಲೆಯಲ್ಲಿ, ತೀರಿಕೊಂಡವರ ಹೆಸರು ತೆಗೆದು ಬೇರೆ ಹೆಸರು ಬರೆಸುವುದು, ಅಷ್ಟೇ. ಕಂದಾಯ ಯಾರಿಂದ ವಸೂಲು ಮಾಡಬೇಕು ಎಂದು ಸರ್ಕಾರಕ್ಕೆ ತಿಳಿಯಬೇಕಲ್ಲ, ಅದಕ್ಕೆ. ತಹಸೀಲ್ದಾರರು ಹೆಸರು ಬದಲಿಸಬಲ್ಲರು, ಒಬ್ಬರ ಹಕ್ಕನ್ನು ಕಿತ್ತು ಇನ್ನೊಬ್ಬರಿಗೆ ಕೊಡಲಾರರು. ಪಹಣಿಗೆ ಬೆಲೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ತಪ್ಪು ಎಂದು ತೋರಿಸುವವರೆಗೆ ಅದರಲ್ಲಿ ಬರೆದದ್ದು ನಿಜ ಎಂದೇ ಕೋರ್ಟು ನಂಬುತ್ತದೆ. ಆದರೆ ತಪ್ಪು ಎಂದು ತೋರಿಸಲು ಒಂದು ವಂಶವೃಕ್ಷ ಸಾಕಾಗುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಈ ರೈತರ ತಂದೆ 4 ಎಕರೆಯನ್ನು ಸ್ವಂತ ದುಡಿಮೆಯಲ್ಲಿ ಕೊಂಡಿದ್ದರಂತೆ. ವಿಲ್ ಬರೆದಿರಲಿಲ್ಲ. ಹಾಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಂ ಪ್ರಕಾರ ಅವರು ಕಣ್ಣು ಮುಚ್ಚಿದ ಗಳಿಗೆಯಲ್ಲೇ ಜಮೀನು ಐದು ಪಾಲಾಯಿತು. ಹೆಂಡತಿಗೆ 32 ಗುಂಟೆ, ನಾಲ್ಕು ಮಕ್ಕಳಿಗೆ ತಲಾ 32 ಗುಂಟೆ. ಖಾತೆ ಆಮೇಲೆ ಯಾರ ಹೆಸರಿಗೆ ಬಂದರೂ ಈ ಲೆಕ್ಕ ಬದಲಾಗುವುದಿಲ್ಲ. ತಾಯಿಗೂ ಪಾಲಿದೆ ಎಂದಾಗ ಜಾಸ್ತಿ ಬೆರಗಾಗುವವರು ತಾಯಂದಿರೇ.

"ಅವರೇ ಒಪ್ಪಿಗೆ ಪತ್ರ ಕೊಟ್ಟಿದ್ದಾರೆ" ಎಂದು ಇವರು 20 ರೂಪಾಯಿಯ ಛಾಪಾ ಕಾಗದ ತೋರಿಸಿದರು. ಓದಿದೆ. 'ಖಾತೆ ಅಣ್ಣನ ಹೆಸರಿಗೆ ಮಾಡಲು ನಮ್ಮ ತಕರಾರಿಲ್ಲ' ಎಂದಿತ್ತು. ಖಾತೆಗೆ ಒಪ್ಪುವುದೇ ಬೇರೆ, ಪಾಲು ಬಿಡುವುದೇ ಬೇರೆ. ಪಾಲು ಬಿಡಬೇಕಾದರೆ ಹಕ್ಕು ಬಿಡುಗಡೆ ಪತ್ರ ಬರೆದು, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಮದುವೆಗೆ ಖರ್ಚು ಮಾಡಿದೆವು, ಚಿನ್ನ ಹಾಕಿದೆವು, ಅರಿಶಿನ ಕುಂಕುಮಕ್ಕೆ ಕೊಟ್ಟೆವು ಎನ್ನುವುದು ಇದಕ್ಕೆ ಸಮ ಅಲ್ಲ. ಇನ್ನು ಕೆಲವರು ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಪ್ರಮಾಣಪತ್ರ ಕೊಡುತ್ತಾರೆ. ಅದು ಅಪರಾಧ. ಅಂಥವರ ಪರವಾಗಿ ನಾನು ನಿಲ್ಲುವುದಿಲ್ಲ.

ಪಿತ್ರಾರ್ಜಿತ ಆಸ್ತಿಯ ಲೆಕ್ಕ ಬೇರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯಿಂದ ಅಲ್ಲೂ ಮಗಳು ಹುಟ್ಟಿನಿಂದಲೇ ಮಗನಂತೆ ಪಾಲುದಾರಳು. 2005ಕ್ಕೆ ಮುಂಚೆ ಮದುವೆಯಾಗಿದ್ದರೂ ಅಷ್ಟೇ. ತಂದೆ 2005ರಲ್ಲಿ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಣಿಯಾದ ವಿಭಾಗ ಪತ್ರವೋ ಕೋರ್ಟಿನ ಡಿಕ್ರಿಯೋ ಇದ್ದರೆ ಮಾತು ಬೇರೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳ ನಿಯಮವೂ ಬೇರೆ. ಹಾಗಾಗಿ ಇದನ್ನು ಓದಿ ನಿಮ್ಮ ಪಾಲು ನೀವೇ ಹಾಕಿಕೊಳ್ಳಬೇಡಿ. ಕಾಗದ ನೋಡದೆ ನಾನೂ ಹೇಳುವುದಿಲ್ಲ.

ಹೆಣ್ಣುಮಕ್ಕಳಿಗೂ ಒಂದು ಮಾತು. ಪಹಣಿಯಲ್ಲಿ ಹೆಸರಿಲ್ಲ ಎಂದು ಅಳುತ್ತಾ ಬರಬೇಡಿ, ಹೆಸರಿಲ್ಲದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಆದರೆ ಅಣ್ಣ "ನಿನಗೇನೂ ಇಲ್ಲ ಹೋಗು" ಎಂದು ಖಡಾಖಂಡಿತವಾಗಿ ಹೇಳಿದ ಮೇಲೆ ವರ್ಷಗಟ್ಟಲೆ ಸುಮ್ನೆ ಕೂರಬೇಡಿ. ಕಾಲಮಿತಿಯ ಕಾನೂನು ಅಲ್ಲಿಂದ ದಿನ ಎಣಿಸತೊಡಗಬಹುದು. ತವರಿನ ಬಾಗಿಲು ಮುಚ್ಚೀತು ಎಂಬ ಭಯ ನನಗೆ ಅರ್ಥವಾಗುತ್ತದೆ. ಎಷ್ಟೋ ಜನ ಅದಕ್ಕೇ ಬಾಯಿ ಬಿಡುವುದಿಲ್ಲ.

ಆ ರೈತರು ಕೆಟ್ಟವರಲ್ಲ. ತಾಯಿಯನ್ನು ಇಷ್ಟು ವರ್ಷ ನೋಡಿಕೊಂಡವರು ಅವರೇ. "ಕೋರ್ಟು ಬೇಡ, ತಂಗಿಯರ ಮನೆಗೆ ನೀವೇ ಹೋಗಿ, ಫೋನ್ ಮಾಡಬೇಡಿ" ಎಂದೆ. ಹೋದರು. ಮುಂದಿನ ವಾರ ಮೂವರೂ ಬಂದರು. ಕೊನೆಯಾಕೆ ನನ್ನೆದುರೇ ಕೇಳಿದರು: "ಮದುವೆಗೆ ಅಂದ್ರೆ ನಾವು ಬೇಡ ಅಂತಿದ್ವಾ ಅಣ್ಣಾ? ಒಂದು ಮಾತು ಕೇಳ್ಬಹುದಿತ್ತು ಅಲ್ವಾ?" ಅವರು ತಲೆ ಎತ್ತಲಿಲ್ಲ. ಅರ್ಧ ಎಕರೆಯ ಕ್ರಯಪತ್ರಕ್ಕೆ ನಾಲ್ವರು ಸಹಿ ಹಾಕಿದರು, ತಾಯಿ ಹೆಬ್ಬೆಟ್ಟು ಒತ್ತಿದರು.

ಉಳಿದ ಮೂರೂವರೆ ಎಕರೆಯ ವಿಭಾಗ ಪತ್ರಕ್ಕೆ ರಾಗಿ ಕುಯ್ಲು ಮುಗಿಸಿ ಬರ್ತೀವಿ ಅಂದಿದ್ದಾರೆ. ಬರುವಾಗ ಪಹಣಿ ಜೊತೆ ತಂದೆ ಜಮೀನು ಕೊಂಡ ಮೂಲ ಪತ್ರವನ್ನೂ ತನ್ನಿ ಎಂದಿದ್ದೇನೆ. ಅದು ಅಟ್ಟದ ಮೇಲಿನ ಟ್ರಂಕಿನಲ್ಲಿದೆ ಎಂದು ತಾಯಿ ಹೇಳಿದರು.