ಟೋನ್ ತಿದ್ದುವುದಕ್ಕೆ ನಾಬ್ ಬೇಕೋ, ಮೆನು ಸಾಕೋ

ಸಿಂಥಸೈಜರ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಬೋರ್ಡ್) ಕೊಳ್ಳಲು ಹೊರಟವರು ಹೆಚ್ಚಾಗಿ ಕೇಳುವುದು ಅದರಲ್ಲಿ ಎಷ್ಟು ಟೋನ್, ಅಂದರೆ ಸಿದ್ಧ ನಾದ, ಇವೆ ಎಂದು. ಸಾವಿರ ಟೋನ್ ಇದ್ದರೂ ಹಾಡಿಗೆ ಹೊಂದುವುದು ಅವುಗಳಲ್ಲಿ ಒಂದೋ ಎರಡೋ, ಅದೂ ಸ್ವಲ್ಪ ತಿದ್ದಿದ ಮೇಲೆ. ಹಾಗಾಗಿ ನಾನು ಮೊದಲು ನೋಡುವುದು ತಿದ್ದುವ ಕೆಲಸ ಎಲ್ಲಿ ನಡೆಯುತ್ತದೆ ಎಂಬುದನ್ನು. ಮುಂದೆಯೇ ಇರುವ ನಾಬು, ಸ್ಲೈಡರುಗಳಲ್ಲೋ, ಪರದೆಯೊಳಗಿನ ಮೆನುವಿನಲ್ಲೋ?

ಒಂದು ಬ್ರಾಸ್ (ಕಹಳೆಯಂಥ) ಟೋನ್ ಮಾಡುತ್ತಿದ್ದೇವೆ ಎನ್ನಿ. ಫಿಲ್ಟರ್ ಕಟಾಫ್ (ನಾದದ ಮೇಲಿನ ಆವರ್ತನಗಳನ್ನು ಎಲ್ಲಿಂದ ಕತ್ತರಿಸಬೇಕೆಂಬ ಗಡಿ) ಎಷ್ಟು ಮುಚ್ಚಿರಬೇಕು, ಕೀಲಿ ಒತ್ತಿದಾಗ ಎನ್ವೆಲಪ್ (ಹೊತ್ತು ಸರಿದಂತೆ ಒಂದು ಮೌಲ್ಯವನ್ನು ಏರಿಸಿ ಇಳಿಸುವ ಭಾಗ) ಅದನ್ನು ಎಷ್ಟು ತೆರೆಯಬೇಕು, ಎಷ್ಟು ಬೇಗ ತೆರೆಯಬೇಕು: ಈ ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ಕಟಾಫ್ ಇಳಿಸಿದರೆ ನಾದ ಮಂಕಾಗುತ್ತದೆ, ಎನ್ವೆಲಪ್ ಪ್ರಮಾಣ ಏರಿಸಬೇಕಾಗುತ್ತದೆ. ಅದನ್ನು ಏರಿಸಿದೊಡನೆ, ಅಲ್ಲಿಯವರೆಗೆ ಸರಿಯಾಗಿದ್ದ ಅಟ್ಯಾಕ್ (ತೆರೆಯುವ ವೇಗ) ಎಳೆದಂತೆ ಕೇಳತೊಡಗುತ್ತದೆ. ರೋಲ್ಯಾಂಡ್ ಜುನೋ-106ರಲ್ಲಿ (1984) ಈ ಸ್ಲೈಡರುಗಳು ಧ್ವನಿ ಸಾಗುವ ಕ್ರಮದಲ್ಲೇ ಎಡದಿಂದ ಬಲಕ್ಕೆ ಸಾಲಾಗಿವೆ. ಎಡಗೈ ಬೆರಳುಗಳಿಂದ ಎರಡನ್ನು ಒಟ್ಟಿಗೆ ಸರಿಸುತ್ತ, ಬಲಗೈಯಲ್ಲಿ ಸ್ವರ ನುಡಿಸುತ್ತ ಹೋಗಬಹುದು. ಒಂದು ಕೈಯಲ್ಲಿ ತಂತಿ ಮೀಟುತ್ತ ಇನ್ನೊಂದು ಕೈಯಲ್ಲಿ ಬಿರಟೆ ತಿರುಗಿಸಿ ತಂಬೂರಿ ಶ್ರುತಿ ಮಾಡುವುದೂ ಹೀಗೆಯೇ. ತೀರ್ಪು ಕೊಡುವುದು ಕಿವಿ. ಅದಕ್ಕೆ ಬದಲಾವಣೆ ಆಗುತ್ತಿರುವಾಗಲೇ ಕೇಳಬೇಕು.

ಇದಕ್ಕೂ ಒಂದು ವರ್ಷ ಮೊದಲು, 1983ರಲ್ಲಿ ಬಂದ ಯಮಹಾ ಡಿಎಕ್ಸ್7 ಬೇರೆಯೇ ದಾರಿ ಹಿಡಿಯಿತು. ಆರು ಆಪರೇಟರ್ (ಒಂದು ಇನ್ನೊಂದನ್ನು ಅಲುಗಾಡಿಸಿ ನಾದ ಹುಟ್ಟಿಸುವ ಘಟಕಗಳು), ಅವುಗಳನ್ನು ಜೋಡಿಸುವ 32 ಬಗೆ, ಅಂದರೆ ಅಲ್ಗಾರಿದಮ್. ಟೋನಿನ ಹೆಸರು ಬಿಟ್ಟರೂ ಒಂದೊಂದು ಟೋನಿಗೆ 145 ಮೌಲ್ಯಗಳು. ಇಷ್ಟಕ್ಕೂ ಸೇರಿ ಇದ್ದದ್ದು ಎರಡು ಸಾಲಿನ ಪುಟ್ಟ ಪರದೆ, ಚಪ್ಪಟೆ ಬಟನ್‌ಗಳು, ಮೌಲ್ಯ ಬದಲಿಸಲು ಒಂದೇ ಒಂದು ಸ್ಲೈಡರ್. ಅದರ ಹೆಸರಾಂತ ಎಲೆಕ್ಟ್ರಿಕ್ ಪಿಯಾನೋ ಟೋನನ್ನೇ ನೋಡಿ. ಐದನೇ ಅಲ್ಗಾರಿದಮ್, ಮೂರು ಜೋಡಿ ಆಪರೇಟರ್. ಎರಡನೇ ಆಪರೇಟರ್ ಮೂಲಸ್ವರದ 14 ಪಟ್ಟು ಆವರ್ತನದಲ್ಲಿ ಮೊದಲನೆಯದನ್ನು ಅಲುಗಾಡಿಸುತ್ತದೆ. ಸ್ವರದ ಆರಂಭದಲ್ಲಿ ಕೇಳುವ 'ಟಿಂಗ್' ಅಲ್ಲಿಂದಲೇ ಬರುತ್ತದೆ. ಆ ಟಿಂಗ್ ಜೋರಾಗಬೇಕೆಂದು ಅದರ ಮಟ್ಟ ಏರಿಸಿದರೆ, ಅದು ಬೇಗ ಆರಿಹೋಗುವಂತೆಯೂ ಮಾಡಬೇಕು, ಇಲ್ಲದಿದ್ದರೆ ಪಿಯಾನೋ ಹೋಗಿ ಗಂಟೆಯಾಗುತ್ತದೆ. ಮಟ್ಟಕ್ಕೆ ಒಂದು ಬಟನ್, ಸ್ಲೈಡರ್. ಆರುವ ವೇಗಕ್ಕೆ ಇನ್ನೊಂದು ಬಟನ್, ಮತ್ತೆ ಅದೇ ಸ್ಲೈಡರ್. ಎರಡನ್ನೂ ಒಟ್ಟಿಗೆ ಸರಿಸುವ ದಾರಿಯೇ ಇಲ್ಲ. ಎರಡನೆಯದನ್ನು ಮುಟ್ಟುವ ಹೊತ್ತಿಗೆ ಮೊದಲಿನ ನಾದ ಕಿವಿಯಿಂದ ಜಾರಿರುತ್ತದೆ. ಆ ಕಾಲದ ಎಷ್ಟೋ ಹಾಡುಗಳಲ್ಲಿ ಕಾರ್ಖಾನೆಯಿಂದ ಬಂದ ಟೋನುಗಳೇ ಹಾಗೆಹಾಗೇ ಕೇಳಿಸುವುದಕ್ಕೆ ಎಫ್ಎಂ ಎಂಬ ಈ ಅಲುಗಾಡಿಸುವ ತಂತ್ರದ ಕ್ಲಿಷ್ಟತೆಯನ್ನು ದೂರುವವರಿದ್ದಾರೆ. ನನ್ನ ಮಟ್ಟಿಗೆ ಆ ಒಂಟಿ ಸ್ಲೈಡರಿನ ಪಾಲು ಇನ್ನೂ ದೊಡ್ಡದು. 2020ರಲ್ಲಿ ಬಂದ ಕೋರ್ಗ್ ಆಪ್ಸಿಕ್ಸ್ ಕೂಡ ಆರು ಆಪರೇಟರಿನದೇ. ಒಂದೊಂದಕ್ಕೂ ಒಂದು ಸ್ಲೈಡರ್, ಒಂದು ನಾಬ್ ಕೊಟ್ಟಿದ್ದಾರೆ. ಅದರ ಮುಂದೆ ಕೂತ ಹೊಸಬರೂ ಹೆದರದೆ ತಿದ್ದುತ್ತಾರೆ.

ಹಾಗೆಂದು ಮೆನುವನ್ನು ತಳ್ಳಿಹಾಕಲಾರೆ. ಮೇಲೆ ಹೇಳಿದ 14 ಪಟ್ಟು ಎಂಬುದನ್ನು ನಾಬಿನಲ್ಲಿ ಅಂದಾಜಿಗೆ ಹಿಡಿಯುವುದಕ್ಕಿಂತ ಅಂಕಿಯಾಗಿ ಕೊಡುವುದೇ ಸರಿ. ಕೀಬೋರ್ಡನ್ನು ಎಲ್ಲಿ ಎರಡು ಭಾಗ ಮಾಡಬೇಕು, ಎಫೆಕ್ಟುಗಳ ಕ್ರಮವೇನು, ಶ್ರುತಿ ಎಷ್ಟು, ಇವೆಲ್ಲ ಒಮ್ಮೆ ಕೂತು ಬರೆದಿಟ್ಟು ಮರೆಯುವ ಸಂಗತಿಗಳು. ಇವಕ್ಕೆಲ್ಲ ನಾಬ್ ಕೊಟ್ಟರೆ ಬೆಲೆ ಏರುತ್ತದೆ, ಕತ್ತಲ ವೇದಿಕೆಯಲ್ಲಿ ತೋಳು ತಗುಲಿ ಕೆಡುತ್ತದೆ ಕೂಡ.

ನಾಬುಗಳಿಗೂ ಒಂದು ದೊಡ್ಡ ತೊಡಕಿದೆ. 1978ರ ಪ್ರಾಫೆಟ್-5 ಸಿಂಥಸೈಜರಿನಲ್ಲಿ 40 ಟೋನುಗಳನ್ನು ನೆನಪಿನಲ್ಲಿಟ್ಟು ಬಟನ್ ಒತ್ತಿ ಕರೆಯುವ ಅನುಕೂಲ ಬಂತು. ಅಂದಿನಿಂದ ನಾಬಿನ ಮುಳ್ಳು ತೋರುವುದು ಒಂದು, ಕೇಳುವ ನಾದ ಇನ್ನೊಂದು ಆಗುವುದು ಶುರುವಾಯಿತು. ಟೋನಿನಲ್ಲಿ ಕಟಾಫ್ 30ರಲ್ಲಿದೆ, ನಾಬ್ ಹಿಂದಿನ ಹಾಡಿನ 110ರಲ್ಲೇ ನಿಂತಿದೆ. ಸ್ವಲ್ಪ ಅಲುಗಿಸಿದರೂ ನಾದ 110ಕ್ಕೆ ಹಾರಿ ಕಿರುಚುತ್ತದೆ. ಅದಕ್ಕೇ ಅನೇಕ ವಾದ್ಯಗಳ ಸೆಟಿಂಗ್ಸಿನಲ್ಲಿ 'ಜಂಪ್', 'ಕ್ಯಾಚ್' ಎಂಬ ಆಯ್ಕೆ ಇರುತ್ತದೆ; ಜಂಪ್‌ನಲ್ಲಿ ನಾದ ಹೀಗೆ ಹಾರುತ್ತದೆ, ಕ್ಯಾಚ್‌ನಲ್ಲಿ ನಾಬ್ 30ನ್ನು ದಾಟುವವರೆಗೆ ಏನೂ ಬದಲಾಗುವುದಿಲ್ಲ. ಸುತ್ತ ಎಲ್ಇಡಿ ಇರುವ, ಕೊನೆಯಿಲ್ಲದೆ ತಿರುಗುವ ನಾಬುಗಳಲ್ಲಿ ಈ ತಾಪತ್ರಯವೇ ಇಲ್ಲ.

ಮಿಡಿ (ವಾದ್ಯಗಳು ಒಂದಕ್ಕೊಂದು ಸಂದೇಶ ಕಳಿಸುವ ವ್ಯವಸ್ಥೆ) ಮೂಲಕ ಹೊರಗಿನ ಕಂಟ್ರೋಲರ್ (ನಾಬುಗಳಿರುವ ಬೇರೆ ಪೆಟ್ಟಿಗೆ) ಜೋಡಿಸುವವರು ಇನ್ನೊಂದನ್ನು ಗಮನಿಸಬೇಕು. ಸಾಮಾನ್ಯ ಮಿಡಿ ಕಂಟ್ರೋಲ್ ಸಂದೇಶದಲ್ಲಿ 0ಯಿಂದ 127ರವರೆಗೆ 128 ಮೆಟ್ಟಿಲು ಮಾತ್ರ. ಮನುಷ್ಯನ ಕಿವಿಗೆ ಕೇಳುವ ವ್ಯಾಪ್ತಿ ಸುಮಾರು ಹತ್ತು ಸ್ಥಾಯಿ. ಅಷ್ಟನ್ನೂ ಕಟಾಫ್‌ಗೆ ಹಂಚಿದರೆ ಒಂದೊಂದು ಮೆಟ್ಟಿಲೂ ಹೆಚ್ಚುಕಮ್ಮಿ ಅರ್ಧಸ್ವರದಷ್ಟಾಗುತ್ತದೆ. ಮೆಟ್ಟಿಲುಗಳನ್ನು ನಯಗೊಳಿಸುವ ವ್ಯವಸ್ಥೆ ವಾದ್ಯದಲ್ಲಿಲ್ಲದೆ, ರೆಸೊನೆನ್ಸೂ (ಕಟಾಫ್ ಬಳಿಯ ಆವರ್ತನಗಳನ್ನು ಎತ್ತಿ ಕೇಳಿಸುವುದು) ಹೆಚ್ಚಿದ್ದರೆ ಅವು ಒಂದೊಂದಾಗಿ ಕೇಳಿಬಿಡುತ್ತವೆ.

ಮೆನುವೇ ಗತಿ ಎಂಬ ಕೀಬೋರ್ಡ್ ಇರುವವರಿಗೆ ನಾನು ಹೇಳುವುದು ಇಷ್ಟು. ಒಟ್ಟಿಗೆ ತಿದ್ದಲೇಬೇಕಾದ ಮೌಲ್ಯಗಳು ಪ್ರತಿ ಟೋನಿನಲ್ಲೂ ಮೂರು ನಾಲ್ಕು ಮಾತ್ರ ಇರುತ್ತವೆ. ಅವುಗಳಿಗೆ ಮಾಡ್ಯುಲೇಶನ್ ವ್ಹೀಲನ್ನೋ (ಕೀಬೋರ್ಡಿನ ಮೇಲಿನ ತಿರುಗಿಸುವ ಚಕ್ರ) ಇರುವ ಎರಡು ನಾಬುಗಳನ್ನೋ ವಹಿಸಿಕೊಡಿ, ಉಳಿದದ್ದು ಮೆನುವಿನಲ್ಲಿರಲಿ. ಅನೇಕ ವಾದ್ಯಗಳು ಕಟಾಫ್‌ಗೆ 74, ರೆಸೊನೆನ್ಸ್‌ಗೆ 71ನೇ ಮಿಡಿ ಕಂಟ್ರೋಲರ್ ಸಂಖ್ಯೆಯನ್ನು ಒಪ್ಪಿಕೊಳ್ಳುತ್ತವೆ. ನಿಮ್ಮದು ಒಪ್ಪುತ್ತದೆಯೇ ಎಂದು ಮ್ಯಾನ್ಯುಯಲ್‌ನ ಕೊನೆಯಲ್ಲಿರುವ ಮಿಡಿ ಪಟ್ಟಿಯಲ್ಲಿ ನೋಡಿಕೊಳ್ಳಿ. ಇಷ್ಟವಾದ ನಾದ ಸಿಕ್ಕೊಡನೆ ಬೇರೆ ಟೋನಿಗೆ ಹೋಗುವ ಮೊದಲೇ ಸೇವ್ ಮಾಡಿ. ಕಾರ್ಯಕ್ರಮಕ್ಕೆ ಹೊರಡುವ ಮುನ್ನ ನಾಬುಗಳನ್ನೆಲ್ಲ ಕ್ಯಾಚ್‌ಗೆ ಹಾಕಿಕೊಳ್ಳಿ.