ಸೊಂಟಕ್ಕೆ ಒಗ್ಗದ ಹೋಲ್‌ಸ್ಟರ್

ಕಳೆದ ಆಟಿ ತಿಂಗಳಲ್ಲಿ ಒಂದು ದಿನ, ಮಳೆ ಸ್ವಲ್ಪ ಬಿಟ್ಟ ಹೊತ್ತಿಗೆ, ಕಾಸರಗೋಡು ಜಿಲ್ಲೆಯ ಉಪ್ಪಳ ಕಡೆಯ ಚಿನ್ನದಂಗಡಿಯ ಶೆಟ್ಟರೊಬ್ಬರು ನನ್ನಲ್ಲಿಗೆ ಬಂದರು. ಪಿಸ್ತೂಲಿನ ಲೈಸೆನ್ಸ್ ಸಿಕ್ಕಿ ಎಂಟು ತಿಂಗಳಾಗಿತ್ತು. ‘ಪಿಸ್ತೂಲು ಎಲ್ಲಿ?’ ಎಂದು ಕೇಳಿದೆ. ‘ಸ್ಕೂಟರಿನ ಸೀಟಿನಡಿ ಉಂಟು’ ಎಂದರು. ಸ್ಕೂಟರ್ ರಸ್ತೆ ಬದಿಯಲ್ಲಿ ನಿಂತಿತ್ತು, ಕೀ ಅದರಲ್ಲೇ ನೇತಾಡುತ್ತಿತ್ತು. ಮೊದಲು ಹೋಗಿ ಅದನ್ನು ತರಿಸಿದೆ.

‘ನಾನು ಏನು ಮಾಡುದು ಹೇಳಿ ಮಾರಾಯ್ರೆ, ಪಿಸ್ತೂಲು ಇಡುವ ಈ ಹೋಲ್‌ಸ್ಟರನ್ನು ಸೊಂಟಕ್ಕೆ ಕಟ್ಟಿಕೊಂಡು ಅಂಗಡಿಯಲ್ಲಿ ಅರ್ಧ ಗಂಟೆ ಕೂತುಕೊಳ್ಳಲಿಕ್ಕೆ ಆಗುದಿಲ್ಲ’ ಎನ್ನುತ್ತಾ ಅಂಗಿ ಎತ್ತಿ ತೋರಿಸಿದರು. ಬಲಗಡೆ ಸೊಂಟದ ಎಲುಬಿನ ಮೇಲೆ ಹತ್ತು ರೂಪಾಯಿ ನಾಣ್ಯದಷ್ಟಗಲ ಚರ್ಮ ಕೆಂಪಾಗಿ, ನಡುವೆ ಸಿಪ್ಪೆ ಎದ್ದಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ.

ಅರೆಸೇನಾ ಪಡೆಯಲ್ಲಿ ಆರ್ಮರರ್, ಅಂದರೆ ಆಯುಧಗಳನ್ನು ನೋಡಿಕೊಂಡು ರಿಪೇರಿ ಮಾಡುವವನು, ಆಗಿದ್ದವನು ನಾನು. ಈಗ ಊರಲ್ಲಿ ಸೆಕ್ಯೂರಿಟಿ ಗಾರ್ಡುಗಳಿಗೆ, ಲೈಸೆನ್ಸ್ ಇರುವವರಿಗೆ ಆಯುಧ ಇಟ್ಟುಕೊಳ್ಳುವ ಕ್ರಮ ಹೇಳಿಕೊಡುತ್ತೇನೆ. ಇಷ್ಟು ವರ್ಷಗಳಲ್ಲಿ ಕಂಡದ್ದು ಇದು: ನೋವು ಕೊಡುವ ಹೋಲ್‌ಸ್ಟರನ್ನು ಜನ ತಾಳಿಕೊಳ್ಳುವುದಿಲ್ಲ, ತೆಗೆದಿಡುತ್ತಾರೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ಮೇಜಿನ ಡ್ರಾಯರಿನಲ್ಲಿ, ಮಂಚದ ತಲೆಯ ಕಡೆ. ಕಳ್ಳನಿಗೂ ಮನೆಯ ಮಗುವಿಗೂ ಸಿಗುವುದು ಅಲ್ಲಿಯೇ. ಹಾಗಾಗಿ ಹೋಲ್‌ಸ್ಟರ್ ಹಿತವಾಗಿರಬೇಕು ಎಂದು ನಾನು ಹೇಳುವಾಗ ಸುಖದ ಮಾತಾಡುತ್ತಿಲ್ಲ, ಸುರಕ್ಷತೆಯ ಮಾತಾಡುತ್ತಿದ್ದೇನೆ.

ಕಾನೂನು ಕೂಡ ಇದನ್ನೇ ಕೇಳುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಅಂಥದೇ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಹೊತ್ತವನ ಹತೋಟಿಯಲ್ಲಿರಬೇಕು. ಅಂಗಿ ಎತ್ತಿ ನಾಲ್ಕು ಜನರಿಗೆ ತೋರಿಸುವುದಕ್ಕೆ ಅಲ್ಲಿ ಜಾಗವಿಲ್ಲ. ನಮ್ಮ ಜಿಲ್ಲೆಯವರು ಇನ್ನೊಂದನ್ನು ನೋಡಿಕೊಳ್ಳಬೇಕು: ಲೈಸೆನ್ಸಿನಲ್ಲಿ ಅದು ಎಲ್ಲಿಯವರೆಗೆ ಊರ್ಜಿತ ಎಂದು ಬರೆದಿರುತ್ತದೆ. ಕೇರಳಕ್ಕಷ್ಟೇ ಎಂದಿದ್ದರೆ, ಮಂಗಳೂರಿಗೆ ಹೊರಟು ಗಡಿಯ ತಲಪಾಡಿ ದಾಟಿದ ಕೂಡಲೇ ನಿಮ್ಮ ಸೊಂಟದಲ್ಲಿರುವುದು ಲೈಸೆನ್ಸ್ ಇಲ್ಲದ ಆಯುಧ. ದಿನಾ ಆ ಕಡೆ ಹೋಗಿಬರುವವರು ಹೋಲ್‌ಸ್ಟರ್ ಹುಡುಕುವ ಮೊದಲು ಆ ಸಾಲು ಓದಿ.

ಶೆಟ್ಟರ ಹೋಲ್‌ಸ್ಟರ್ ಕೆಟ್ಟದೇನಲ್ಲ, ಒಳ್ಳೆಯ ಚರ್ಮದ್ದೇ. ತಪ್ಪಿದ್ದದ್ದು ಬೆಲ್ಟಿನಲ್ಲಿ. ಮದುವೆಗೆ ಹಾಕುವಂಥ ತೆಳು ಬೆಲ್ಟ್ ಕಟ್ಟಿದ್ದರು. .32 ಬೋರಿನ (ನಳಿಗೆಯ ತೂತಿನ ಅಳತೆ) ಕೈಬಂದೂಕುಗಳಲ್ಲಿ ಹಗುರವೆಂದು ಹೆಸರಾದ, 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ ಬಂದ ‘ನಿರ್ಭೀಕ್’ ರಿವಾಲ್ವರೇ ಅರ್ಧ ಕಿಲೋ ತೂಗುತ್ತದೆ. ಅಷ್ಟು ಭಾರವನ್ನು ಮೆತ್ತಗಿನ ಪಟ್ಟಿಗೆ ನೇತುಹಾಕಿದರೆ ಪಟ್ಟಿ ತಿರುಚುತ್ತದೆ, ಹಿಡಿ ಹೊರಕ್ಕೆ ವಾಲುತ್ತದೆ, ಕೆಳಗಿನ ಅಂಚು ಒಳಕ್ಕೆ ಒತ್ತುತ್ತದೆ. ಹೆಜ್ಜೆ ಹೆಜ್ಜೆಗೂ ಅದೇ ಜಾಗಕ್ಕೆ ಉಜ್ಜುತ್ತದೆ. ವಾಲುವುದನ್ನು ತಡೆಯಲೆಂದು ಇವರು ಬೆಲ್ಟನ್ನು ಇನ್ನೊಂದು ತೂತು ಬಿಗಿ ಮಾಡಿದ್ದರು. ‘ತೊಡೆಯ ಹೊರಬದಿ ಜೋಮು ಹಿಡಿದ ಹಾಗೆ ಆಗ್ತದಾ?’ ಎಂದೆ. ‘ನಿಮಗೆ ಹೇಗೆ ಗೊತ್ತಾಯ್ತು?’ ಎಂದರು. ಸೊಂಟದ ಮುಂಭಾಗದಲ್ಲಿ ತೊಡೆಯ ಚರ್ಮಕ್ಕೆ ಇಳಿಯುವ ಒಂದು ನರವಿದೆ. ಬಿಗಿ ಬೆಲ್ಟು ಅದನ್ನು ಅದುಮಿದರೆ ತೊಡೆಯ ಹೊರಬದಿ ಮರಗಟ್ಟುತ್ತದೆ, ಉರಿಯುತ್ತದೆ. ಭಾರದ ಡ್ಯೂಟಿ ಬೆಲ್ಟ್ ಕಟ್ಟುವ ಪೊಲೀಸರಲ್ಲಿ ಇದು ಹೊಸತಲ್ಲ. ಪಟ್ಟಿ ಸಡಿಲಿಸಿದರೆ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ, ಆಗದಿದ್ದರೆ ಡಾಕ್ಟರಿಗೆ ತೋರಿಸಬೇಕು.

ಆದ್ದರಿಂದ ಮೊದಲು ಬೆಲ್ಟ್. ಎರಡು ಪದರ ಚರ್ಮ ಸೇರಿಸಿ ಹೊಲಿದದ್ದು, ಒಂದೂವರೆ ಇಂಚು ಅಗಲದ್ದು. ಅಂಗಡಿಯಲ್ಲಿ ಸುರುಳಿ ಸುತ್ತಿ ನೋಡಬೇಡಿ, ಉದ್ದಕ್ಕೆ ಹಿಡಿದು ಅಂಚಿನಿಂದ ಅಂಚಿಗೆ ಮಡಚಲು ನೋಡಿ. ಮಡಚಿದರೆ ಬೇಡ. ಹೋಲ್‌ಸ್ಟರಿನ ಕುಣಿಕೆ ಬೆಲ್ಟಿನ ಅಗಲಕ್ಕೆ ಸರಿಯಾಗಿ ಕೂರಬೇಕು, ಕಾಲಿಂಚು ಹೆಚ್ಚಿದ್ದರೂ ಮೇಲೆ ಕೆಳಗೆ ಜಾರುತ್ತದೆ.

ಹೋಲ್‌ಸ್ಟರಿನಲ್ಲಿ ನಾನು ಬಿಟ್ಟುಕೊಡದ ಸಂಗತಿ ಟ್ರಿಗರ್. ಅದರ ಸುತ್ತಲಿನ ಬಳೆ, ಅಂದರೆ ಗಾರ್ಡ್, ಪೂರ್ತಿ ಮುಚ್ಚಿರಬೇಕು, ಮುಚ್ಚಿದ ಜಾಗ ಹೊರಗಿನಿಂದ ಬೆರಳಿನಲ್ಲಿ ಒತ್ತಿದರೆ ತಗ್ಗಬಾರದು. ಆಯುಧ ತೆಗೆದ ಮೇಲೂ ಬಾಯಿ ತೆರೆದೇ ನಿಲ್ಲಬೇಕು. ಅಗ್ಗದ ನೈಲಾನ್ ಚೀಲಗಳು ಸೋಲುವುದು ಇಲ್ಲೇ. ರಜೆಯಲ್ಲಿ ಊರಿಗೆ ಬಂದಿದ್ದಾಗ ನಾನೇ ಅಂಥದೊಂದನ್ನು ಕಟ್ಟಿದ್ದೆ. ಬಾಯಿ ಮುಚ್ಚಿಕೊಂಡಿತ್ತು, ರಿವಾಲ್ವರನ್ನು ತುರುಕಿ ತುರುಕಿ ಇಳಿಸುತ್ತಿದ್ದಾಗ ಅಂಗಿಯ ತುದಿಯೂ ಜೊತೆಗೆ ಇಳಿಯಿತು. ಏನೋ ಬಿಗಿಯಾಗುತ್ತಿದೆ ಅನ್ನಿಸಿ ಕೈ ನಿಲ್ಲಿಸಿದೆ. ಹೊರಗೆ ತೆಗೆದು ನೋಡಿದರೆ ಬಟ್ಟೆಯ ಮಡಿಕೆ ಟ್ರಿಗರಿನ ಮುಂದೆ ಸಿಕ್ಕಿಕೊಂಡಿತ್ತು. ಒಳಗೆ ಆರು ತೋಟೆ ಇದ್ದವು. ಆ ಚೀಲವನ್ನು ಅಂದೇ ಬಚ್ಚಲ ಒಲೆಗೆ ಹಾಕಿದೆ. ಈಗಲೂ ಆಯುಧವನ್ನು ಒಳಗಿಡುವಾಗ ಎಡಗೈಯಲ್ಲಿ ಅಂಗಿ ಎತ್ತಿ ಹಿಡಿದು, ಕಣ್ಣಿನಲ್ಲಿ ನೋಡಿಕೊಂಡೇ ಇಡುತ್ತೇನೆ.

ಎಲ್ಲಿ ಕಟ್ಟುವುದು? ನಮ್ಮ ಅಡಿಕೆ ತೋಟಗಳಲ್ಲಿ ಕೆಲಸದವರು ಕತ್ತಿಯನ್ನು ಬೆನ್ನ ಹಿಂದೆ ಕೊಕ್ಕೆಗೆ ಸಿಕ್ಕಿಸುವುದನ್ನು ನೋಡಿ ಕೆಲವರು ಪಿಸ್ತೂಲನ್ನೂ ನಡುಬೆನ್ನಿಗೆ ಕಟ್ಟುತ್ತಾರೆ. ತೋಟದವರು ದಿನವಿಡೀ ನಿಂತು, ಬಗ್ಗಿ, ಮರ ಹತ್ತಿ ಕೆಲಸ ಮಾಡುವವರು, ಕೂರುವಾಗ ಕತ್ತಿ ಕೆಳಗಿಡುತ್ತಾರೆ. ನೀವು ಕುರ್ಚಿಗೆ ಒರಗುವವರು. ಪಾಚಿಗಟ್ಟಿದ ಮುರಕಲ್ಲಿನ ಮೆಟ್ಟಿಲಲ್ಲಿ ಜಾರಿ ಅಂಗಾತ ಬಿದ್ದರೆ ಆ ಕಬ್ಬಿಣ ನೇರ ಬೆನ್ನುಹುರಿಯ ಮೇಲೆ. ಅಲ್ಲಿ ಬೇಡವೇ ಬೇಡ. ಹೊಟ್ಟೆಯ ಮುಂದೆ ಕಟ್ಟಿದರೆ ಚೆನ್ನಾಗಿ ಅಡಗುತ್ತದೆ, ಆದರೆ ಕೂತಾಗ ನಳಿಗೆ ತೊಡೆಸಂದಿಯ ಕಡೆ ತಿರುಗುತ್ತದೆ, ಹೊಟ್ಟೆ ಬಂದವರಿಗೆ ಕುತ್ತುತ್ತದೆ. ಬಲಗೈಯವರು ಹೊಕ್ಕುಳನ್ನು ಗಡಿಯಾರದ ಹನ್ನೆರಡು ಎಂದಿಟ್ಟುಕೊಂಡರೆ ಮೂರೂವರೆ, ನಾಲ್ಕು ಗಂಟೆಯ ಜಾಗ ಹೆಚ್ಚಿನವರಿಗೆ ಒಗ್ಗುತ್ತದೆ. ಎಲುಬಿನ ಉಬ್ಬು ದಾಟಿದ ಮೇಲೆ ಅಲ್ಲೊಂದು ತಗ್ಗು ಇದೆ, ಕೈಯಿಟ್ಟು ನೋಡಿ. ಹಿಡಿ ತುಸು ಮುಂದಕ್ಕೆ ವಾಲಿದ್ದರೆ ಬಗ್ಗಿದಾಗ ಅಂಗಿಯಲ್ಲಿ ಉಬ್ಬುವುದಿಲ್ಲ. ಪ್ಯಾಂಟಿನ ಒಳಗೆ ಕಟ್ಟುವುದಾದರೆ ಸೊಂಟದ ಅಳತೆಗಿಂತ ಒಂದೆರಡು ಇಂಚು ದೊಡ್ಡ ಪ್ಯಾಂಟೇ ಬೇಕು. ಹಳೆಯ ಪ್ಯಾಂಟಿಗೆ ತುರುಕಿ, ಹೋಲ್‌ಸ್ಟರ್ ಸರಿಯಿಲ್ಲ ಎಂದು ಬೈಯುವವರನ್ನು ತುಂಬ ನೋಡಿದ್ದೇನೆ.

ಮುಂಡು (ಪಂಚೆ) ಉಡುವವರ ಕಷ್ಟ ಬೇರೆ. ಕ್ಲಿಪ್ಪನ್ನು ಬರೀ ಬಟ್ಟೆಗೆ ಸಿಕ್ಕಿಸಿದರೆ ಆಯುಧ ಎಳೆದಾಗ ಹೋಲ್‌ಸ್ಟರೂ ಕಿತ್ತು ಬರುತ್ತದೆ. ಮಳೆಗೆ ಮುಂಡು ಮಡಚಿ ಕಟ್ಟಿದರೆ ಬಟ್ಟೆಯ ಮುದ್ದೆಯೆಲ್ಲ ಹಿಡಿಯ ಮೇಲೆಯೇ ಬಂದು ಕೂರುತ್ತದೆ. ಒಳಗೆ ಬೆಲ್ಟಿನ ಕುಣಿಕೆಗಳಿರುವ ಚಡ್ಡಿ ಹಾಕಿ, ಅದಕ್ಕೆ ಗಟ್ಟಿ ಬೆಲ್ಟ್ ಕಟ್ಟಿ, ಮೇಲೆ ಮುಂಡು ಉಡಿ ಎನ್ನುತ್ತೇನೆ. ಅದು ಆಗದು ಎನ್ನುವವರು ಅಂದು ಆಯುಧವನ್ನು ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿಡಲಿ. ಅಂಗಿ ತೆಗೆದು ಒಳಗೆ ಹೋಗಬೇಕಾದ ದೇವಸ್ಥಾನಕ್ಕೆ ಹೊರಟ ದಿನವೂ ಅಷ್ಟೇ, ಕಾರಿನಲ್ಲಿ ಬಿಟ್ಟು ಹೋಗುವಂತಿಲ್ಲ.

ಹೊಸ ಹೋಲ್‌ಸ್ಟರನ್ನು ಕನ್ನಡಿಯ ಮುಂದೆ ನಿಂತು ಪರೀಕ್ಷಿಸಿ ಪ್ರಯೋಜನವಿಲ್ಲ. ತೋಟೆಗಳನ್ನು ಬೇರೆ ಕೋಣೆಯಲ್ಲಿಟ್ಟು, ಆಯುಧ ಖಾಲಿ ಎಂದು ಎರಡು ಸಲ ನೋಡಿ, ಮೂರು ದಿನ ಮನೆಯೊಳಗೆ ಕಟ್ಟಿಕೊಂಡಿರಿ. ನೆಲದ ಮೇಲೆ ಚಕ್ಕಳಮಕ್ಕಳ ಕೂತು ಊಟ ಮಾಡಿ. ನಿಂತಿದ್ದ ಕಾರಿನಲ್ಲಿ ಕೂತು ಸೀಟ್ ಬೆಲ್ಟ್ ಹಾಕಿ ತೆಗೆಯಿರಿ. ಮೇಲಿನ ಅಟ್ಟಕ್ಕೆ ಕೈ ಚಾಚಿ, ಅಂಗಿ ಎಷ್ಟು ಮೇಲೇರುತ್ತದೆ ಎಂದು ಮನೆಯವರನ್ನು ಕೇಳಿ. ಎರಡನೆಯ ದಿನ ಸಂಜೆ ಕೆಂಪಾದ ಜಾಗ ಎಲ್ಲಿದೆಯೋ ಅಲ್ಲಿ ಅಂಚು ಉಜ್ಜಿ ನಯ ಮಾಡಬೇಕು, ಇಲ್ಲವೇ ಜಾಗ ಅರ್ಧ ಇಂಚು ಸರಿಸಬೇಕು. ಶೆಟ್ಟರದ್ದು ಅಷ್ಟಕ್ಕೇ ಸರಿಹೋಯಿತು. ಬೆಲ್ಟ್ ಬದಲಾಯಿತು, ಹೋಲ್‌ಸ್ಟರ್ ಅದೇ ಉಳಿಯಿತು.

ಚರ್ಮವೋ ಕೈಡೆಕ್ಸ್ ಪ್ಲಾಸ್ಟಿಕ್ಕೋ ಎಂದು ಕೇಳುವವರಿಗೆ ನನ್ನ ಉತ್ತರ ನಮ್ಮ ಹವೆಯನ್ನು ನೋಡಿ ಹೇಳಿದ್ದು. ಚರ್ಮ ದಿನ ಕಳೆದಂತೆ ಮೈಗೆ ಒಗ್ಗುತ್ತದೆ, ಆದರೆ ಬೆವರು ಹೀರುತ್ತದೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಕೈಡೆಕ್ಸ್ ನೀರು ಕುಡಿಯುವುದಿಲ್ಲ, ಆಕಾರ ಬಿಡುವುದಿಲ್ಲ, ಆದರೆ ಬರಿಮೈಗೆ ತಾಗಿದರೆ ಅಂಚು ಕೊರೆಯುತ್ತದೆ, ಒಳಗೆ ಬನಿಯನ್ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಕಟ್ಟುವುದು ಕೈಡೆಕ್ಸ್, ಉಳಿದ ತಿಂಗಳು ಚರ್ಮ. ಯಾವುದೇ ಇರಲಿ, ಮೈಗೂ ಆಯುಧಕ್ಕೂ ನಡುವೆ ಹಿಡಿಯವರೆಗೆ ಏರಿದ ಒಂದು ಪಟ್ಟಿ ಇರಬೇಕು. ಕಡಲ ಬದಿಯ ಗಾಳಿಯ ಜೊತೆ ಬೆವರಿನ ಉಪ್ಪೂ ಸೇರಿದರೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ.

ರಾತ್ರಿ ಚರ್ಮದೊಳಗೆ ಬಿಟ್ಟು ಮಲಗಬೇಡಿ. ಚುನಾವಣೆ ಬಂದಾಗ ಠಾಣೆಗೆ ಆಯುಧ ಒಪ್ಪಿಸುವವರು ಇದನ್ನು ಮರೆಯುತ್ತಾರೆ. ಒಬ್ಬರು ಹೋಲ್‌ಸ್ಟರ್ ಸಮೇತ ಕೊಟ್ಟು, ಎರಡು ತಿಂಗಳ ನಂತರ ವಾಪಸು ತಂದಾಗ ನಳಿಗೆಯ ಮೇಲೆ ಚರ್ಮದ ಹೊಲಿಗೆಯ ಗುರುತು ಚುಕ್ಕಿ ಚುಕ್ಕಿಯಾಗಿ ತುಕ್ಕಿನಲ್ಲಿ ಮೂಡಿತ್ತು. ಹೋಲ್‌ಸ್ಟರನ್ನು ಮನೆಯಲ್ಲೇ ಇಡಿ. ಆಯುಧವನ್ನು ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಟ್ಟು ರಶೀದಿ ತನ್ನಿ.