ಕಣ್ಣು ಮುಚ್ಚಿದೊಡನೆ ತಪ್ಪುವ ನಿಲುವು

ನರರೋಗ ವಿಭಾಗಕ್ಕೆ ಬರುವ ವಯಸ್ಸಾದ ರೋಗಿಗಳು ಹೇಳಿಕೊಳ್ಳುವ ಒಂದು ತೊಂದರೆ ಕೇಳುವುದಕ್ಕೆ ಚಿಕ್ಕದಾಗಿ ಕಾಣುತ್ತದೆ. ಹಗಲಿನಲ್ಲಿ ಓಡಾಡುವುದಕ್ಕೆ ಅಡ್ಡಿಯಿಲ್ಲ, ಆದರೆ ಮುಖ ತೊಳೆಯಲು ಬಗ್ಗಿ ಕಣ್ಣು ಮುಚ್ಚಿದ ಕೂಡಲೇ ಮುಂದಕ್ಕೆ ವಾಲಿಬಿಡುತ್ತೇನೆ, ರಾತ್ರಿ ದೀಪ ಹಾಕದೆ ಎದ್ದರೆ ಕಾಲು ಎಲ್ಲಿ ಊರಿತೆಂದೇ ತಿಳಿಯುವುದಿಲ್ಲ ಎನ್ನುತ್ತಾರೆ. ಬಹಳ ಮಂದಿ ಇದನ್ನು ತಲೆಸುತ್ತು ಎಂದು ಕರೆಯುವುದರಿಂದ ಎಷ್ಟೋ ಸಲ ತಲೆಸುತ್ತಿನ ಮಾತ್ರೆಯನ್ನೇ ನುಂಗುತ್ತಿರುತ್ತಾರೆ. ವಾಸ್ತವವಾಗಿ ಅವರ ತಲೆ ಸುತ್ತುತ್ತಿರುವುದಿಲ್ಲ. ಕಾಲುಗಳಿಂದ ಮೆದುಳಿಗೆ ಹೋಗಬೇಕಾದ ಸುದ್ದಿ ಸರಿಯಾಗಿ ತಲುಪುತ್ತಿರುವುದಿಲ್ಲ.

ಇದನ್ನು ಕಂಡುಹಿಡಿಯುವ ಪರೀಕ್ಷೆಗೆ 19ನೆಯ ಶತಮಾನದ ಜರ್ಮನ್ ವೈದ್ಯ ಮೋರಿಟ್ಸ್ ರೊಂಬರ್ಗ್ ಅವರ ಹೆಸರಿದೆ. ರೋಗಿಯನ್ನು ಎರಡೂ ಪಾದ ಜೋಡಿಸಿ ನಿಲ್ಲಿಸಿ, ಬೀಳದಂತೆ ಹಿಡಿಯಲು ಪಕ್ಕದಲ್ಲೇ ನಿಂತು, ಮೊದಲು ಕಣ್ಣು ತೆರೆದಿರಲು, ಆಮೇಲೆ ಮುಚ್ಚಲು ಹೇಳುತ್ತೇವೆ. ಕಿರುಮೆದುಳಿನ ದೋಷವಿರುವವರು ಸಾಮಾನ್ಯವಾಗಿ ಕಣ್ಣು ತೆರೆದಿದ್ದರೂ ಸ್ಥಿರವಾಗಿ ನಿಲ್ಲಲಾರರು. ಕಾಲಿನ ಸ್ಥಾನದ ಅರಿವು ಕುಂದಿರುವವರು ಹಾಗಲ್ಲ. ಕಣ್ಣು ತೆರೆದಿರುವಷ್ಟು ಹೊತ್ತು ನೆಟ್ಟಗೆ ನಿಂತಿದ್ದು, ಮುಚ್ಚಿದೊಡನೆ ತೂಗಾಡತೊಡಗುತ್ತಾರೆ. ಅದುವರೆಗೆ ಅವರನ್ನು ನಿಲ್ಲಿಸಿದ್ದು ಕಾಲಲ್ಲ, ಕಣ್ಣು ಎಂಬುದು ಆ ಕೆಲವೇ ಕ್ಷಣಗಳಲ್ಲಿ ಗೊತ್ತಾಗುತ್ತದೆ.

ನಮ್ಮ ದೇಹ ಎಲ್ಲಿದೆ, ಯಾವ ಭಂಗಿಯಲ್ಲಿದೆ ಎಂದು ತಿಳಿಸಲು ಪ್ರತ್ಯೇಕವಾದ ಒಂದು ಇಂದ್ರಿಯವಿಲ್ಲ. ಸ್ನಾಯುಗಳೊಳಗಿನ ಸೂಕ್ಷ್ಮ ಗ್ರಾಹಕಗಳು ಸ್ನಾಯು ಎಷ್ಟು ಹಿಗ್ಗಿದೆ ಎಂದು ವರದಿ ಮಾಡುತ್ತವೆ, ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜುಗಳಲ್ಲಿರುವವು ಎಳೆತವನ್ನು ಅಳೆಯುತ್ತವೆ, ಅಂಗಾಲಿನ ಚರ್ಮ ಒತ್ತಡವನ್ನು ಗ್ರಹಿಸುತ್ತದೆ. ಒಳಗಿವಿಗೆ ತಲೆಯ ಚಲನೆ, ವಾಲಿಕೆಗಳಷ್ಟೇ ಗೊತ್ತು, ಪಾದದ ಸಂಗತಿ ಅದಕ್ಕೆ ತಿಳಿಯದು. ಕಣ್ಣಿಗೆ ಎದುರಿಗಿರುವುದಷ್ಟೇ ಕಾಣುತ್ತದೆ. ಹೀಗೆ ಅರೆಬರೆಯಾಗಿ ಬರುವ ಮಾಹಿತಿಯನ್ನೆಲ್ಲ ಕೂಡಿಸಿ, ತಾನೇ ಸ್ನಾಯುಗಳಿಗೆ ಕಳುಹಿಸಿದ ಆಜ್ಞೆಯ ಲೆಕ್ಕವನ್ನೂ ಸೇರಿಸಿಕೊಂಡು, ಮೆದುಳು ಒಂದು ತೀರ್ಮಾನಕ್ಕೆ ಬರುತ್ತದೆ. ಕೂಡಿಸುವಾಗ ಎಲ್ಲಕ್ಕೂ ಸಮಾನ ಬೆಲೆ ಕೊಡುವುದಿಲ್ಲ. ಆ ಹೊತ್ತಿಗೆ ಯಾವುದು ಹೆಚ್ಚು ನಂಬಲರ್ಹವೋ ಅದಕ್ಕೆ ಹೆಚ್ಚು ತೂಕ. ಮಾರ್ಕ್ ಅರ್ನ್‌ಸ್ಟ್ ಮತ್ತು ಮಾರ್ಟಿನ್ ಬ್ಯಾಂಕ್ಸ್ ಎಂಬ ಸಂಶೋಧಕರು 2002ರಲ್ಲಿ ಇದನ್ನು ಅಳೆದು ತೋರಿಸಿದರು: ವಸ್ತುವೊಂದರ ಎತ್ತರವನ್ನು ನೋಡಿಯೂ ಮುಟ್ಟಿಯೂ ಅಂದಾಜು ಮಾಡುವವರಿಗೆ ಕಾಣುವುದನ್ನು ಬೇಕೆಂದೇ ಮಸುಕುಗೊಳಿಸಿದಷ್ಟೂ ಅವರ ಅಂದಾಜು ಸ್ಪರ್ಶದ ಕಡೆಗೆ ಸರಿಯಿತು.

ಈ ತೀರ್ಮಾನ ಎಷ್ಟು ಸುಲಭವಾಗಿ ಬದಲಾಗಬಲ್ಲದು ಎಂಬುದನ್ನು ತೋರಿಸಿದ್ದು ಮ್ಯಾಥ್ಯೂ ಬೋಟ್ವಿನಿಕ್ ಮತ್ತು ಜೊನಾಥನ್ ಕೊಹೆನ್ ಎಂಬ ಸಂಶೋಧಕರು 1998ರಲ್ಲಿ ಪ್ರಕಟಿಸಿದ ರಬ್ಬರ್ ಕೈಯ ಪ್ರಯೋಗ. ವ್ಯಕ್ತಿಯ ನಿಜವಾದ ಕೈಯನ್ನು ಪರದೆಯ ಹಿಂದೆ ಮರೆಮಾಡಿ, ಕಣ್ಣೆದುರಿಗೆ ರಬ್ಬರಿನ ಕೈಯೊಂದನ್ನು ಇರಿಸಿ, ಎರಡನ್ನೂ ಏಕಕಾಲಕ್ಕೆ ಕುಂಚದಿಂದ ಸವರುತ್ತಾರೆ. ಕೆಲವು ನಿಮಿಷ ಕಳೆಯುವಷ್ಟರಲ್ಲಿ ಅನೇಕರಿಗೆ ಸ್ಪರ್ಶವು ರಬ್ಬರಿನ ಕೈಯಲ್ಲೇ ಆಗುತ್ತಿದೆ, ಆ ಕೈ ತಮ್ಮದೇ ಎಂದು ಅನ್ನಿಸತೊಡಗುತ್ತದೆ. ಆಗ ಕಣ್ಣು ಮುಚ್ಚಿಸಿ ನಿಮ್ಮ ಕೈ ಎಲ್ಲಿದೆ ತೋರಿಸಿ ಎಂದರೆ, ಅವರ ಬೆರಳು ನಿಜವಾದ ಕೈ ಇರುವ ಜಾಗದಿಂದ ರಬ್ಬರಿನ ಕೈಯತ್ತ ಸ್ವಲ್ಪ ಸರಿದು ನಿಲ್ಲುತ್ತದೆ. ನನಗೆ ಇದರಲ್ಲಿ ಬಹಳ ಮುಖ್ಯವೆನಿಸುವುದು ಆ ‘ಸ್ವಲ್ಪ’ವೇ. ಕಣ್ಣು ಹೇಳಿದ್ದನ್ನೂ ಕೈ ಹೇಳಿದ್ದನ್ನೂ ಮೆದುಳು ಪೂರ್ತಿಯಾಗಿ ಒಪ್ಪದೆ, ಪೂರ್ತಿಯಾಗಿ ತಳ್ಳಿಹಾಕದೆ, ನಡುವಿನ ಒಂದು ಜಾಗವನ್ನು ಆರಿಸಿಕೊಂಡಿರುತ್ತದೆ. ಕುಂಚಗಳೆರಡೂ ಏಕಕಾಲಕ್ಕಲ್ಲದೆ ಬೇರೆ ಬೇರೆ ಹೊತ್ತಿಗೆ ಸವರಿದರೆ, ಅಥವಾ ರಬ್ಬರಿನ ಕೈಯನ್ನು ದೇಹಕ್ಕೆ ಹೊಂದದ ದಿಕ್ಕಿಗೆ ತಿರುಗಿಸಿಟ್ಟರೆ, ಈ ಭ್ರಮೆ ಮೂಡುವುದಿಲ್ಲ ಅಥವಾ ತೀರ ದುರ್ಬಲವಾಗಿರುತ್ತದೆ.

ತೋಳಿನ ಸ್ನಾಯುರಜ್ಜುವಿಗೆ ಕಂಪನಯಂತ್ರ ಹಿಡಿದು ಮಾಡುವ ಪ್ರಯೋಗ ಇನ್ನೂ ವಿಚಿತ್ರ. ಕಂಪನದಿಂದ ಕೆರಳಿದ ಗ್ರಾಹಕಗಳು ಸ್ನಾಯು ಹಿಗ್ಗುತ್ತಿದೆ ಎಂಬ ತಪ್ಪು ಸುದ್ದಿ ಕಳುಹಿಸುವುದರಿಂದ, ಕಣ್ಣು ಮುಚ್ಚಿಕೊಂಡವರಿಗೆ ಮಡಿಸಿದ ತೋಳು ಚಾಚಿಕೊಳ್ಳುತ್ತಿರುವಂತೆ ಭಾಸವಾಗುತ್ತದೆ. ಅದೇ ಕೈಯ ಬೆರಳುಗಳು ಮೂಗಿನ ತುದಿಯನ್ನು ಹಿಡಿದಿದ್ದರೆ, ಕೆಲವರಿಗೆ ಮೂಗೇ ಉದ್ದವಾಗುತ್ತಿರುವ ಅನುಭವವಾಗುತ್ತದೆ ಎಂದು ಸಂಶೋಧಕ ಜೇಮ್ಸ್ ಲ್ಯಾಕ್ನರ್ 1988ರಲ್ಲಿ ವರದಿ ಮಾಡಿದರು. ಮೂಗು ಬೆಳೆಯುವುದಿಲ್ಲವೆಂಬ ತಿಳಿವಳಿಕೆ ಇದ್ದೂ ಆ ಅನುಭವವನ್ನು ತಡೆಯಲಾಗುವುದಿಲ್ಲ.

ಮಾಹಿತಿಯ ಈ ಜೋಡಣೆಯಲ್ಲಿ ಮೆದುಳಿನ ಮೇಲ್ಭಾಗದ ಪಾರ್ಶ್ವಕಪಾಲ ಎಂಬ ಪ್ರದೇಶದ ಹಿಂಭಾಗಕ್ಕೂ ಅದರೊಡನೆ ಹೆಣೆದುಕೊಂಡಿರುವ ಮುಂಭಾಗದ ಚಲನಾ ಪ್ರದೇಶಗಳಿಗೂ ದೊಡ್ಡ ಪಾತ್ರವಿದೆ. ಅಲ್ಲಿಯ ಕೆಲವು ನರಕೋಶಗಳು ಕೈಯನ್ನು ಮುಟ್ಟಿದಾಗಲೂ ಕೈಯ ಸಮೀಪಕ್ಕೆ ಬಂದ ವಸ್ತುವನ್ನು ಕಂಡಾಗಲೂ ಪ್ರತಿಕ್ರಿಯಿಸುವುದನ್ನು ಮಂಗಗಳಲ್ಲಿ ದಾಖಲಿಸಲಾಗಿದೆ. ಮನುಷ್ಯರಲ್ಲಿ ಮೆದುಳಿನ ಬಲಭಾಗಕ್ಕೆ ಪಾರ್ಶ್ವವಾಯು ಬಡಿದಾಗ, ಕೆಲವರು ತಮ್ಮ ಎಡಗೈಯನ್ನು ತಮ್ಮದಲ್ಲವೆಂದೇ ಹೇಳುತ್ತಾರೆ. ಆ ಕೈಯನ್ನು ಎತ್ತಿ ಅವರ ಕಣ್ಣಿನ ಮುಂದೆ ಹಿಡಿದು ಇದು ಯಾರದು ಎಂದು ಕೇಳಿದರೆ, ನಿಮ್ಮದು ಎನ್ನುವವರುಂಟು, ಮಗನದು ಎನ್ನುವವರುಂಟು. ಮನೆಯವರು ಗಾಬರಿಗೊಂಡು ವಾದಕ್ಕಿಳಿಯುತ್ತಾರೆ. ವಾದದಿಂದ ಪ್ರಯೋಜನವಿಲ್ಲ, ಏಕೆಂದರೆ ರೋಗಿಗಳು ಹಟ ಹಿಡಿದಿಲ್ಲ, ತಮಗೆ ಅನುಭವವಾದುದನ್ನು ಪ್ರಾಮಾಣಿಕವಾಗಿ ಹೇಳುತ್ತಿದ್ದಾರೆ. ಅನೇಕರಲ್ಲಿ ದಿನ ಕಳೆದಂತೆ ಇದು ತಗ್ಗುತ್ತದೆ.

ನಡಿಗೆಯ ತೊಂದರೆಗೆ ಮರಳುವುದಾದರೆ, ಕಾರಣವನ್ನು ಬೇಗ ಹುಡುಕಬೇಕು. ದೀರ್ಘಕಾಲದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಹಾಳುಮಾಡಿರಬಹುದು. ಬಿ12 ಜೀವಸತ್ವದ ಕೊರತೆಯಿಂದ ಬೆನ್ನುಹುರಿಯ ಹಿಂಭಾಗದ ನರತಂತುಗಳು ಸವೆದಿರಬಹುದು. ಎರಡನೆಯದಕ್ಕೆ ಚಿಕಿತ್ಸೆಯಿದೆ, ತಡವಾದಷ್ಟೂ ಪೂರ್ತಿ ಚೇತರಿಕೆಯ ಸಾಧ್ಯತೆ ಕಡಿಮೆಯಾಗುತ್ತದೆ. ಆದ್ದರಿಂದ ಕತ್ತಲಲ್ಲಿ ಮಾತ್ರ ತಡವರಿಸುತ್ತೇನೆ ಎನ್ನುವವರ ಕಾಲ್ಬೆರಳಿಗೆ ಬಡಿದರೆ ಕಂಪಿಸುವ ಲೋಹದ ಕವೆಯನ್ನು (ಟ್ಯೂನಿಂಗ್ ಫೋರ್ಕ್) ಇಟ್ಟು ಕಂಪನ ತಿಳಿಯುತ್ತದೆಯೇ ಎಂದು ನೋಡದೆ ಮಾತ್ರೆ ಬರೆಯುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಹೋದ ಸಂವೇದನೆ ಮರಳದಿದ್ದವರಿಗೆ ಕಣ್ಣಿನ ನೆರವಿನಿಂದ ನಡೆಯುವುದನ್ನು ಭೌತಚಿಕಿತ್ಸಕರು ಕಲಿಸುತ್ತಾರೆ, ಉಳಿದಿರುವ ಸಂವೇದನೆಯನ್ನೂ ಅಭ್ಯಾಸದಿಂದ ಚುರುಕುಗೊಳಿಸುತ್ತಾರೆ. ಆದರೆ ಆರೋಗ್ಯವಂತರಲ್ಲಿ ತಾನಾಗಿಯೇ ನಡೆಯುವ ಲೆಕ್ಕಾಚಾರ ಇವರಲ್ಲಿ ಪ್ರತಿ ಹೆಜ್ಜೆಗೂ ಗಮನವನ್ನು ಬೇಡುತ್ತದೆ ಎಂಬುದನ್ನು ಮನೆಯವರು ಅರಿತಿರಬೇಕು. ಮಲಗುವ ಕೋಣೆಯಿಂದ ಶೌಚಾಲಯದವರೆಗೆ ರಾತ್ರಿಯಿಡೀ ಬೆಳಕಿರಲಿ. ಅವರು ಮೆಟ್ಟಿಲು ಇಳಿಯುತ್ತಿರುವಾಗ ಮಾತಿಗೆ ಎಳೆಯದೆ, ಕೆಳಗೆ ತಲುಪುವವರೆಗೆ ಕಾಯಿರಿ.